ನೇಮ ಮುಗಿಯುವವರೆಗೆ

ಹುಡುಗಿ ನಗುತ್ತಾ ಒಳಗೆ ಬಂದಳು. ನನ್ನ ಎದೆ ಧಸಕ್ಕೆಂದಿತು.

ಕೇಳಿದವರು ನಗಬಹುದು. ಮಕ್ಕಳ ಮುಖದಲ್ಲಿ ನಗು ಕಾಣಲಿ ಎಂದೇ ಕಾಲೇಜಿನವರು ಆಪ್ತಸಮಾಲೋಚಕಿಯನ್ನು ಇಟ್ಟುಕೊಳ್ಳುವುದು, ನಗು ಕಂಡರೆ ಇವಳಿಗೆ ಯಾಕೆ ಹೆದರಿಕೆ ಎಂದು. ಆದರೆ ಅಂತಿಮ ವರ್ಷದ ಬಿ.ಕಾಂ. ಓದುವ ಈ ಹುಡುಗಿ ಹಲವು ವಾರಗಳಿಂದ ನನ್ನೆದುರು ಕೂತು ಹೋದವಳು. ನಿದ್ದೆ ಇಲ್ಲ, ಅನ್ನ ಸೇರುವುದಿಲ್ಲ, ಪುಸ್ತಕ ತೆರೆದರೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಮಂಗಳೂರಿಗೆ ಹೋಗಿ ಮನೋವೈದ್ಯರಿಗೆ ತೋರಿಸುವ ಎಂದು ನಾನು ಹೇಳುವುದು, ಮುಂದಿನ ವಾರ ನೋಡುವ ಎಂದು ಅವಳು ಜಾರಿಕೊಳ್ಳುವುದು, ಹೀಗೇ ನಡೆದಿತ್ತು. ಹಿಂದಿನ ವಾರ ತಲೆ ಬಾಚಿಕೊಳ್ಳುವಷ್ಟೂ ತ್ರಾಣವಿಲ್ಲದೆ ಬಂದಿದ್ದವಳು ಆವತ್ತು ಮಲ್ಲಿಗೆ ಮುಡಿದು, ಇಸ್ತ್ರಿ ಹಾಕಿದ ಚೂಡಿದಾರ ತೊಟ್ಟು ನಿಂತಿದ್ದಳು.

"ಒಂದು ಥ್ಯಾಂಕ್ಸ್ ಹೇಳಿ ಹೋಗುವ ಅಂತ ಬಂದೆ ಮೇಡಂ. ಇನ್ನು ಬರುವುದಿಲ್ಲ. ಈಗ ಆರಾಮ ಉಂಟು."

ವಾರಗಟ್ಟಲೆ ಒದ್ದಾಡಿದ ಮನಸ್ಸು ಒಮ್ಮೆಲೇ ಶಾಂತವಾದರೆ ಅದಕ್ಕೆ ಎರಡೇ ಕಾರಣ ಇರಲು ಸಾಧ್ಯ. ಒಂದೋ ಕಾಯಿಲೆ ಗುಣವಾಗಿರಬೇಕು, ಇಲ್ಲವೇ ಒಳಗೆ ಏನೋ ತೀರ್ಮಾನವಾಗಿರಬೇಕು. ಔಷಧಿ ಮುಟ್ಟದೆ ಒಂದು ವಾರದಲ್ಲಿ ಗುಣವಾಗುವ ಕಾಯಿಲೆ ಅದಲ್ಲ.

"ಕೂತ್ಕೊ," ಎಂದೆ. ಬಾಗಿಲು ಹಾಕಿದೆ. ಮೂಡಬಿದಿರೆಯ ಈ ಕಾಲೇಜಿನಲ್ಲಿ ನನ್ನ ಕೋಣೆ ಮೊದಲು ಆಟದ ಸಾಮಾನಿಡುವ ಉಗ್ರಾಣವಾಗಿತ್ತು. ಬಾಗಿಲು ಹಾಕಿದರೆ ಇವತ್ತಿಗೂ ಹಳೇ ವಾಲಿಬಾಲ್ ನೆಟ್ಟಿನ ಮುಗ್ಗಲು ವಾಸನೆ ಬರುತ್ತದೆ. ನಾವು ಮಾತಾಡುವುದು ತುಳುವಿನಲ್ಲಿ. ಮಾರ್ಕ್ಸ್, ಅಟೆಂಡೆನ್ಸ್ ವಿಷಯವಾದರೆ ಮಕ್ಕಳು ಕನ್ನಡದಲ್ಲಿ ಹೇಳುತ್ತಾರೆ, ಹೊಟ್ಟೆಯೊಳಗಿನ ಮಾತು ಬಂದಾಗ ತಾವಾಗಿಯೇ ತುಳುವಿಗೆ ಇಳಿಯುತ್ತಾರೆ.

ಇಂಥ ಹೊತ್ತಿನಲ್ಲಿ ಸುತ್ತಿ ಬಳಸಿ ಕೇಳಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳುವವರೇ ಇಲ್ಲದೆ ಮಕ್ಕಳು ಅದನ್ನು ಒಬ್ಬರೇ ಹೊತ್ತು ತಿರುಗುತ್ತಾರೆ, ಅಷ್ಟೆ.

"ಸಾಯಬೇಕು ಅಂತ ಕಾಣ್ತದಾ ನಿನಗೆ?"

ನಗು ಹಾಗೇ ಇತ್ತು, ಕಣ್ಣು ಮಾತ್ರ ಕೆಳಗಿಳಿಯಿತು. "ಹೌದು."

"ಹೇಗೆ ಅಂತ ಯೋಚನೆ ಮಾಡಿದ್ದೀಯಾ?"

"ಹೂಂ."

"ಯಾವಾಗ?"

ಹೊರಗೆ ಜಗಲಿಯಲ್ಲಿ ಯಾರೋ ಹುಡುಗರು ಗದ್ದಲ ಮಾಡುತ್ತಾ ಹೋದರು. ಅವರ ಸದ್ದು ನಿಂತ ಮೇಲೆ ಅವಳು, ಬಸ್ಸಿನ ಸಮಯ ಹೇಳುವಷ್ಟು ಸಲೀಸಾಗಿ ಹೇಳಿದಳು: "ನಾಡಿದ್ದು ಮನೆಯಲ್ಲಿ ನೇಮ. ಅದು ಮುಗಿದ ಮೇಲೆ. ಅದಕ್ಕೆ ಮೊದಲು ಆದ್ರೆ ಮನೆಗೆ ಸೂತಕ ಆಗ್ತದಲ್ಲ ಮೇಡಂ, ನೇಮ ನಿಲ್ತದೆ. ಮಾವ ವರ್ಷದಿಂದ ಓಡಾಡಿದ್ದಾರೆ."

ಇವಳ ಮನೆ ವಾಮದಪದವಿನಿಂದ ಸ್ವಲ್ಪ ಒಳಗೆ. ಹೆಣ್ಣಿನ ಕಡೆಯಿಂದ ಲೆಕ್ಕ ಹಿಡಿಯುವ ಹಳೆಯ ಕುಟುಂಬ. ದೈವ ತಾಯಿಯ ಮನೆಯದ್ದು, ಸೋದರಮಾವನೇ ಯಜಮಾನ. ತಂದೆ ಗಲ್ಫಿನಲ್ಲಿ ಒಂದು ಹೋಟೆಲಿನ ಕ್ಯಾಶಿನಲ್ಲಿರುವವರು, ರಜೆಯಲ್ಲಿ ಬಂದರೆ ಆ ಮನೆಗೆ ನೆಂಟರ ಹಾಗೆ. ನೇಮವೆಂದರೆ ದೈವ ನರ್ತಕನ ಮೈಮೇಲೆ ಬಂದು ಮನೆಯವರೊಡನೆ ಮಾತಾಡುವ ರಾತ್ರಿ. ಅದಕ್ಕೆ ದಿನ ಇಟ್ಟು, ಮುಹೂರ್ತದ ಬಾಳೆಗೊನೆ ಕಡಿದ ಮೇಲೆ ಆ ಮನೆಯವರು ಯಾರೂ ಹೊರಗೆ ಹೋಗಿ ರಾತ್ರಿ ತಂಗುವ ಹಾಗಿಲ್ಲ, ಸಾವಿನ ಮಾತು ಬಾಯಲ್ಲಿ ತರುವ ಹಾಗಿಲ್ಲ. ಈ ಕ್ರಮಗಳನ್ನು ನನಗೆ ಯಾರೂ ವಿವರಿಸಬೇಕಾಗಿಲ್ಲ, ನನ್ನ ತಾಯಿ ಮನೆಯಲ್ಲೂ ಇದೇ. ಸಾಯುವಾಗಲೂ ಮನೆಯವರಿಗೆ ತೊಂದರೆಯಾಗಬಾರದೆಂದು ದಿನ ನೋಡಿದ ಮಗು ಇದು!

ಮೊದಲ ದಿನವೇ ಹೇಳಿದ್ದೆ, ಇಲ್ಲಿ ಆಡಿದ ಮಾತು ಇಲ್ಲೇ ಇರುತ್ತದೆ, ಜೀವಕ್ಕೆ ಅಪಾಯ ಎಂದಾದರೆ ಮಾತ್ರ ಹೊರಗೆ ಹೇಳುತ್ತೇನೆ ಎಂದು. ಅದನ್ನೇ ಮತ್ತೆ ಹೇಳಿದೆ. ಇವತ್ತೇ ಡಾಕ್ಟರ ಹತ್ತಿರ ಹೋಗಬೇಕು, ಮನೆಯವರಿಗೆ ತಿಳಿಸಬೇಕು, ಅಲ್ಲಿಯವರೆಗೆ ನಿನ್ನನ್ನು ಒಬ್ಬಳೇ ಬಿಡುವುದಿಲ್ಲ ಎಂದೆ. ಆವರೆಗೂ ಇದ್ದ ನಗು ಮಾಯವಾಯಿತು.

"ನಿಮ್ಮನ್ನು ನಂಬಿದ್ದೆ ನಾನು!"

"ನಂಬಿದ್ದಕ್ಕೇ ಹೇಳಿದ್ದಿ. ಬೈಯುವುದಾದ್ರೆ ಬೈ, ಪರವಾಗಿಲ್ಲ."

ಬೈದಳು, ಚೆನ್ನಾಗಿಯೇ ಬೈದಳು. ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಒಂದು ಷರತ್ತು ಹಾಕಿದಳು. "ಉಳಿದದ್ದು ಎಂತ ಬೇಕಾದ್ರೂ ಹೇಳಿ. ನೇಮ ಮುಗಿಯಲಿ ಅಂತ ಕಾದದ್ದು ಮಾತ್ರ ಹೇಳಬೇಡಿ. ದೈವವನ್ನು ಇದಕ್ಕೆ ಎಳೆದೆ ಅಂತ ಆಗ್ತದೆ. ಮಾವ ತಡ್ಕೊಳ್ಳುವುದಿಲ್ಲ."

ಅದು ನಿನ್ನ ಬಾಯಿಂದಲ್ಲದೆ ನನ್ನ ಬಾಯಿಂದ ಬರುವುದಿಲ್ಲ ಎಂದು ಮಾತು ಕೊಟ್ಟೆ. ಒಂದು ಗಂಟೆಯೊಳಗೆ ಆ ಮಾತೇ ನನ್ನ ಕೊರಳಿಗೆ ಸುತ್ತಿಕೊಂಡಿತು.

ಲೈಬ್ರೆರಿಯನ್ ನನ್ನ ಗೆಳತಿ, ಗಟ್ಟಿ ಹೆಂಗಸು. ಅವಳನ್ನು ಕರೆದು ಹುಡುಗಿಯ ಪಕ್ಕದಲ್ಲಿ ಕೂರಿಸಿದೆ. "ಬಾತ್‌ರೂಮಿಗೆ ಹೋದ್ರೂ ಬಾಗಿಲ ಹತ್ತಿರ ನೀನು ನಿಲ್ಲಬೇಕು," ಎಂದೆ. ಅವಳು ಯಾಕೆ, ಏನು ಎಂದು ಕೇಳಲಿಲ್ಲ. ಮಂಗಳೂರಿನ ಮನೋವೈದ್ಯೆಗೆ ಫೋನು ಮಾಡಿದೆ. ನಾನು ಕಳುಹಿಸುವ ಮಕ್ಕಳನ್ನು ನೋಡುವವರು ಅವರೇ. ವಿಷಯ ಕೇಳಿ, "ಇವತ್ತೇ ಕರ್ಕೊಂಡು ಬನ್ನಿ. ಅಡ್ಮಿಟ್ ಮಾಡುವ. ನಾಳೆ ಅಂತ ಇಟ್ಕೊಳ್ಳಬೇಡಿ," ಎಂದರು. ನಾನು ಕೆಲಸ ಮಾಡುವ ಇನ್ನೊಂದು ಕಾಲೇಜು ಬಂಟ್ವಾಳದ್ದು, ಮರುದಿನ ಅಲ್ಲಿ ನನ್ನ ಸರದಿ. ಬರುವುದಿಲ್ಲವೆಂದು ಅಲ್ಲಿಗೆ ತಿಳಿಸಿ ಪ್ರಿನ್ಸಿಪಾಲರ ಕೋಣೆಗೆ ಓಡಿದೆ.

ಪ್ರಿನ್ಸಿಪಾಲರು ಕೆಟ್ಟವರಲ್ಲ. ಆದರೆ ಎಲ್ಲದಕ್ಕೂ ಕಾರಣ ಬೇಕು ಅವರಿಗೆ. "ಎಂತ ಮೇಡಂ, ಲವ್ ಗಿವ್ ಉಂಟಾ?"

"ಇಲ್ಲ ಸರ್."

"ಫೇಲ್ ಗೀಲ್?"

"ಇಲ್ಲ ಸರ್. ಕಾಯಿಲೆ. ಜ್ವರ ಬಂದ್ರೆ ಲವ್ ಉಂಟಾ ಅಂತ ಕೇಳ್ತೀರಾ ನೀವು?"

ಅವರ ಮುಖ ಸಣ್ಣದಾಯಿತು. ನನ್ನ ಬಾಯಿ ಸ್ವಲ್ಪ ಜೋರೇ, ಒಪ್ಪುತ್ತೇನೆ. ಹುಡುಗಿಗೆ ಇಪ್ಪತ್ತು ದಾಟಿದೆ, ಯಾರಿಗೆ ಹೇಳಬೇಕು, ಯಾರು ಜೊತೆಗಿರಬೇಕು ಎಂದು ಅವಳನ್ನೇ ಕೇಳುವ, ಆಮೇಲೆ ಫೋನು ಮಾಡುವ ಎಂದು ನಾನು ಹೇಳುತ್ತಿದ್ದಂತೆ ಅವರು ಕೈ ಎತ್ತಿ ತಡೆದರು. "ಅದೆಲ್ಲ ಆಯ್ತು. ನೀವು ಫೋನಿನಲ್ಲಿ ಮಾತಾಡಿದ್ದು ಕೇಳಿ ಅವಳ ಕ್ಲಾಸಿನ ಲೆಕ್ಚರರ್ ಬಂದು ಹೇಳಿದ್ರು. ನಾನು ಅವಳ ಮಾವನಿಗೆ ಫೋನ್ ಮಾಡಿ ಆಯ್ತು. ಅವರ ಮನೆಯಲ್ಲಿ ಮಾವನೇ ಅಲ್ಲವಾ ಎಲ್ಲ? ಅಪ್ಪನಿಗೆ ಹೇಳಿ ಎಂತ ಪ್ರಯೋಜನ? ಇಲ್ಲೇ ಬಂಟ್ವಾಳ ಪೇಟೆಯಲ್ಲಿದ್ದಾರಂತೆ, ಹೊರಟ್ರು."

ಅವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೂ ಕಷ್ಟ. ನಮ್ಮ ಕಡೆ ಯಾರಾದರೂ ಅದನ್ನೇ ಮಾಡಿಯಾರು. ಆದರೂ ನನ್ನ ಪಿತ್ತ ನೆತ್ತಿಗೇರಿತು.

ಪ್ರಿನ್ಸಿಪಾಲರು ಮಾವನನ್ನು ನನ್ನ ಕೋಣೆಗೇ ಕರೆತಂದರು. ಬಿಳಿ ಪಂಚೆ, ಹೆಗಲ ಮೇಲೆ ಶಾಲು, ನೇಮಕ್ಕೆಂದು ಬಂಟ್ವಾಳದಲ್ಲಿ ಖರೀದಿಸಿದ ಸಾಮಾನು ಕಾರಿನ ಹಿಂದಿನ ಸೀಟಿನಲ್ಲಿ. ಸೋದರಸೊಸೆಯ ಮುಖ ನೋಡಿದ್ದೇ ಅವರ ದನಿ ನಡುಗಿತು. "ಎಂತಾಯ್ತು ಮಗಾ ನಿನಗೆ?" ನಾನು ಯಾರೋ ದರ್ಪದ ಮನುಷ್ಯನನ್ನು ಎದುರಿಸಲು ಸೊಂಟ ಕಟ್ಟಿ ನಿಂತಿದ್ದೆ. ಎದುರಿಗಿದ್ದದ್ದು ಜೀವ ಕೈಯಲ್ಲಿ ಹಿಡಿದುಕೊಂಡು ಓಡಿ ಬಂದ ಮಾವ.

ಅವಳಿಗೆ ಖಿನ್ನತೆಯ ಕಾಯಿಲೆಯಿದೆ, ಜೋರಾಗಿದೆ, ಜೀವಕ್ಕೆ ಅಪಾಯವಿದೆ, ಇವತ್ತೇ ಆಸ್ಪತ್ರೆಗೆ ಸೇರಿಸಬೇಕು ಎಂದು ಹೇಳಿದೆ. ಕೊನೆಯ ಮಾತಿಗೆ ಅವರು ಎರಡೂ ಕೈ ಅಡ್ಡ ಹಿಡಿದರು.

"ಗೊನೆ ಕಡಿದಾಗಿದೆ ಮೇಡಂ. ಅಂಥ ಮಾತು ಆಡಬೇಡಿ. ಈಗ ನಾನು ಕರ್ಕೊಂಡು ಹೋಗ್ತೇನೆ. ಮನೆ ತುಂಬ ಜನ ಇದ್ದಾರೆ, ನಾವು ನೋಡಿಕೊಳ್ತೇವೆ. ನಾಡಿದ್ದು ನೇಮ ಒಂದು ಮುಗಿಯಲಿ. ಮರುದಿನ ಬೆಳಿಗ್ಗೆ ನಾನೇ ಮಂಗಳೂರಿಗೆ ಕರ್ಕೊಂಡು ಹೋಗ್ತೇನೆ, ದೊಡ್ಡ ಡಾಕ್ಟರಿಗೇ ತೋರಿಸುವ."

ನೇಮ ಮುಗಿಯಲಿ. ಆ ಮಾತಿಗೆ ಹುಡುಗಿ ತಲೆಯೆತ್ತಿ ನನ್ನನ್ನೇ ನೋಡಿದಳು, ಹೇಳಿಬಿಡುತ್ತೇನೋ ಎಂದು. ಆ ಕೋಣೆಯಲ್ಲಿದ್ದವರಲ್ಲಿ ಅದರ ಅರ್ಥ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

"ಅಷ್ಟು ದಿನ ಕಾಯಲಿಕ್ಕೆ ಆಗುವುದಿಲ್ಲ," ಎಂದೆ.

"ಎರಡು ದಿನದಲ್ಲಿ ಎಂತ ಆಗ್ತದೆ? ಇಷ್ಟು ದಿನ ಇರಲಿಲ್ಲವಾ?"

"ಡಾಕ್ಟರು ಇವತ್ತೇ ಅಂದಿದ್ದಾರೆ."

"ಡಾಕ್ಟರಿಗೆ ನೇಮದ ವಿಷಯ ಗೊತ್ತುಂಟಾ?"

ಪ್ರಿನ್ಸಿಪಾಲರು ನಡುವೆ ಬಾಯಿ ಹಾಕಿದರು. "ಅಲ್ಲ ಮೇಡಂ, ಮನೆಯವರೇ ಬಂದು ಜವಾಬ್ದಾರಿ ತಗೊಳ್ಳುವಾಗ ನಮಗೆಂತ? ಕಳಿಸಿ ಮಾರಾಯ್ರೆ. ನಾಳೆ ಏನಾದ್ರೂ ಕಾಲೇಜಿನ ತಲೆಗೆ ಬರುವುದು ಬೇಡ."

"ಏಳು, ಹೋಗುವ," ಎಂದರು ಮಾವ. ಹುಡುಗಿ ಎದ್ದೇ ನಿಂತಳು. ಸಣ್ಣಂದಿನಿಂದ ಆ ದನಿಗೆ ಎದ್ದು ಅಭ್ಯಾಸ. "ನಾನು ಮನೆಗೆ ಹೋಗ್ತೇನೆ ಮೇಡಂ," ಎಂದಳು.

ಬಾಗಿಲಿಗೆ ಅಡ್ಡ ನಿಂತೆ. ಯೋಚನೆ ಮಾಡಿ ನಿಂತದ್ದಲ್ಲ, ಕಾಲು ತಾನಾಗಿ ಅಲ್ಲಿಗೆ ಹೋಗಿತ್ತು. ತಲೆಯೊಳಗೆ ಎರಡು ದಾರಿ ಗುದ್ದಾಡುತ್ತಿದ್ದವು. ಕೊಟ್ಟ ಮಾತು ಮುರಿದು ಮಾವನ ಮುಖಕ್ಕೆ ನಿಜ ಹೇಳಬಹುದು. ಹೇಳಿದರೆ ಅವರು ಒಪ್ಪಿಯಾರು, ಆದರೆ ಗೊನೆ ಕಡಿದ ಮನೆಯ ಯಜಮಾನನ ಎದುರು ಆ ಮಾತು ಬಿದ್ದರೆ ಈ ಹುಡುಗಿ ಇನ್ನು ಜನ್ಮದಲ್ಲಿ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ. ಹೇಳದೆ ಕಳಿಸಿದರೆ, ಮನೆ ತುಂಬ ಜನರಿದ್ದೂ ಅವಳ ಕಡೆ ನೋಡಲು ಯಾರಿಗೂ ಪುರುಸೊತ್ತಿಲ್ಲದ ಎರಡು ದಿನ, ಅದರ ಮರುದಿನ... ಅಲ್ಲಿಂದ ಮುಂದೆ ಯೋಚಿಸಲು ನನ್ನಿಂದಾಗಲಿಲ್ಲ.

"ಹತ್ತು ನಿಮಿಷ ಕೊಡಿ. ನೀವಿಬ್ಬರೂ ಜಗಲಿಯಲ್ಲಿರಿ. ಇವಳ ಹತ್ತಿರ ಒಂದು ಮಾತು ಉಂಟು," ಎಂದೆ. ಪ್ರಿನ್ಸಿಪಾಲರು ಏನೋ ಹೇಳಹೊರಟರು. "ಸರ್, ಆಮೇಲೆ ನನ್ನನ್ನು ಕೆಲಸದಿಂದ ತೆಗೆಯಿರಿ. ಈಗ ಹೊರಗಿರಿ," ಎಂದುಬಿಟ್ಟೆ. ಲೈಬ್ರೆರಿಯನ್ ನಗು ಮುಚ್ಚಲು ಮುಖ ತಿರುಗಿಸಿಕೊಂಡಳು.

ಹುಡುಗಿಯ ಎದುರು ಕುಕ್ಕುರುಗಾಲಲ್ಲಿ ಕೂತೆ. "ನಾನು ಮಾತು ಮುರಿಯುವುದಿಲ್ಲ. ಆದ್ರೆ ನಿನ್ನ ಮನೆಯ ಒಬ್ಬರಿಗೆ, ಒಬ್ಬರಿಗೆ ಮಾತ್ರ, ನೀನೇ ಪೂರ್ತಿ ಹೇಳು. ಆಮೇಲೆ ನೀನು ಹೇಳಿದ ಹಾಗೆ." ನೀನು ಹೇಳಿದ ಹಾಗೆ ಎಂದದ್ದು ಶುದ್ಧ ಸುಳ್ಳು. ಅವಳನ್ನು ಆ ಕಾರು ಹತ್ತಲು ನಾನಂತೂ ಬಿಡುವವಳಲ್ಲ. "ಯಾರಿಗೆ ಹೇಳ್ತಿ? ಅಮ್ಮನಿಗಾ?"

"ಅಮ್ಮನಿಗೆ ಬೇಡ. ಅಮ್ಮ ಮಾವನಿಗೆ ಹೇಳ್ತಾಳೆ." ಮುಡಿದ ಮಲ್ಲಿಗೆ ತೆಗೆದು ಮೇಜಿನ ಮೇಲಿಟ್ಟಳು. "ಅಪ್ಪನಿಗೆ. ಆದ್ರೆ ಅಪ್ಪ ಎಂತ ಮಾಡ್ತಾರೆ? ಮಾವನ ಎದುರು ಅವರು ಕೂತು ಮಾತಾಡಿದ್ದನ್ನೇ ನಾನು ನೋಡಿಲ್ಲ."

"ಅವರು ಎಂತ ಮಾಡ್ತಾರೆ ಅಂತ ಆಮೇಲೆ ನೋಡುವ."

ಅವರಿರುವ ದೇಶದಲ್ಲಿ ವಾಟ್ಸಾಪಿನಲ್ಲಿ ಕರೆ ಹೋಗುವುದಿಲ್ಲ, ಮೆಸೇಜು ಮಾತ್ರ. ಅವಳ ಫೋನಿನಿಂದ ಮಾಮೂಲಿ ಕರೆ ಮಾಡಿದರೆ ಗಂಟೆ ಬಾರಿಸಿ ನಿಂತಿತು. ಅಲ್ಲಿ ಹೋಟೆಲಿಗೆ ಮಧ್ಯಾಹ್ನದ ಗಿರಾಕಿಗಳ ಹೊತ್ತು. ಮತ್ತೆ ಮಾಡಿದೆ, ಎತ್ತಲಿಲ್ಲ. ಹೊರಗೆ ಮಾವ ಕೆಮ್ಮುತ್ತಾ ಶತಪಥ ಹಾಕುವುದು ಕೇಳುತ್ತಿತ್ತು. ಕೊನೆಗೆ ಹುಡುಗಿಯೇ ಫೋನು ಕಿತ್ತುಕೊಂಡು ವಾಯ್ಸ್ ಮೆಸೇಜು ಹಾಕಿದಳು: "ಅಪ್ಪ, ನಾನು. ಒಮ್ಮೆ ಫೋನ್ ಮಾಡಿ. ಈಗಲೇ." ದನಿ ಒಡೆದಿತ್ತು. ಆ ಮೆಸೇಜಿಗೆ ನೀಲಿ ಗೆರೆ ಬೀಳುವುದನ್ನೇ ನಾವು ಮೂವರು ಹೆಂಗಸರು ಕಣ್ಣು ಕೀಲಿಸಿ ನೋಡುತ್ತಿದ್ದೆವು. ಬಾಗಿಲು ಬಡಿದ ಶಬ್ದ. "ಮೇಡಂ, ಹೊತ್ತಾಯ್ತು." ಅಷ್ಟರಲ್ಲಿ ಫೋನು ಹೊಡೆದುಕೊಂಡಿತು.

ಅವಳು ಗೋಡೆಗೆ ಮುಖ ಮಾಡಿ ಮಾತಾಡಿದಳು. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ. ನೇಮ, ಸೂತಕ ಎಂಬ ಎರಡು ಶಬ್ದ ಬಿಟ್ಟರೆ ಬೇರೇನೂ ನನ್ನ ಕಿವಿಗೆ ಬೀಳಲಿಲ್ಲ. ಆಮೇಲೆ ಬರೀ ಬಿಕ್ಕು. ಆಮೇಲೆ ಅವಳು ತಿರುಗಿ ಫೋನು ನನ್ನತ್ತ ಚಾಚಿ, "ಮಾವನಿಗೆ ಕೊಡಬೇಕಂತೆ," ಎಂದಳು.

ಮಾವನಿಗೆ ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವ ಅಭ್ಯಾಸ. ಹಾಗಾಗಿ ಜಗಲಿಯಲ್ಲಿ ನಿಂತ ನಮಗೆಲ್ಲ ಕೇಳಿತು. ಹಿಂದೆ ಪಾತ್ರೆಗಳ ಸದ್ದು, ಯಾರೋ ಪಾರ್ಸೆಲ್ ಕೇಳುವ ಕೂಗು, ಅದರ ನಡುವೆ ಮೆತ್ತಗಿನ ಒಂದು ದನಿ.

"ಬಾವ, ಇಷ್ಟು ವರ್ಷ ನಿಮ್ಮ ಮನೆಯ ವಿಷಯದಲ್ಲಿ ನಾನು ಬಾಯಿ ಹಾಕಿದ್ದುಂಟಾ?"

"ಇಲ್ಲ," ಎಂದರು ಮಾವ.

"ಇವತ್ತು ಹಾಕ್ತೇನೆ. ಅವಳನ್ನು ಈಗಲೇ ಆಸ್ಪತ್ರೆಗೆ ಸೇರಿಸಿ. ಮನೆಗೆ ಬೇಡ."

"ಗೊನೆ ಕಡಿದಾಗಿದೆ ಬಾವ. ಕುಟುಂಬದ ಹೆಣ್ಣುಮಗಳು ಹೊರಗೆ ಇದ್ದರೆ ನಾಡಿದ್ದು ದೈವ ಕೇಳುವುದಿಲ್ಲವಾ? ಯಜಮಾನ ಅಂತ ನಿಂತವ ನಾನು. ಎಂತ ಉತ್ತರ ಕೊಡಲಿ?"

"ನನ್ನ ಹೆಸರು ಹೇಳಿ. ಅವಳ ಅಪ್ಪ ಅಡ್ಡ ಬಂದ ಅಂತ ಹೇಳಿ. ತಪ್ಪುಕಾಣಿಕೆ ನಾನು ಬಂದು ಹಾಕ್ತೇನೆ, ದೈವದ ಎದುರು ನಾನೇ ನಿಲ್ತೇನೆ." ಅಲ್ಲಿಯವರೆಗೆ ತಡೆದಿದ್ದ ದನಿ ಅಲ್ಲಿ ಮುರಿಯಿತು. "ಮಗಳು ನಿಮ್ಮ ಕುಟುಂಬದವಳೇ ಬಾವ, ನಾನು ಇಲ್ಲ ಅನ್ನುವುದಿಲ್ಲ. ನಾನು ಹೊರಗಿನವನೇ. ಆದ್ರೆ ನಾಳೆ ಅವಳಿಲ್ಲ ಅಂತಾದ್ರೆ ಎದೆ ಒಡೆದು ಸಾಯುವವರಲ್ಲಿ ನಾನೂ ಒಬ್ಬ ಅಲ್ಲವಾ?"

ಗೊನೆ ಕಡಿದ ಮನೆಯ ಯಜಮಾನನಿಗೆ ಆಡಬಾರದ ಮಾತು ಅದು. ಮಾವ ಈ ಸಲ ಕೈ ಅಡ್ಡ ಹಿಡಿಯಲಿಲ್ಲ. ಜಗಲಿಯ ಬೆಂಚಿನ ಮೇಲೆ ಕೂತುಬಿಟ್ಟರು. ಹೆಗಲ ಶಾಲು ತೆಗೆದು ಮುಖ ಒರೆಸಿಕೊಂಡರು. ಪ್ರಿನ್ಸಿಪಾಲರು ಹೋಗಿ ನೀರು ತಂದರು. ನೀರು ಕುಡಿದು ಮಾವ ನನ್ನನ್ನು ಕೇಳಿದರು, "ನೀವೂ ಬರ್ತೀರಲ್ಲ ಮೇಡಂ? ಆಸ್ಪತ್ರೆಯಲ್ಲಿ ಎಂತ ಹೇಳಬೇಕು ಅಂತ ನನಗೆ ಗೊತ್ತಾಗುವುದಿಲ್ಲ."

ಹಿಂದಿನ ಸೀಟಿನ ಸಾಮಾನನ್ನೆಲ್ಲ ಡಿಕ್ಕಿಗೆ ತುಂಬಿದೆವು. ಹುಡುಗಿ ನಡುವೆ, ಅತ್ತ ನಾನು, ಇತ್ತ ಲೈಬ್ರೆರಿಯನ್, ಬಾಗಿಲ ಲಾಕು ಹಾಕಿದ್ದು. ದಾರಿಯುದ್ದಕ್ಕೂ ಹುಡುಗಿಯ ಕೈ ನನ್ನ ಕೈಯಲ್ಲಿತ್ತು, ಬಿಡಿಸಿಕೊಳ್ಳಲಿಲ್ಲ, ಹಿಡಿದುಕೊಳ್ಳಲೂ ಇಲ್ಲ. ಮಾವ ಕೈಕಂಬದಲ್ಲಿ ಕಾರು ಬದಿಗೆ ನಿಲ್ಲಿಸಿದಾಗ, ಮನಸ್ಸು ತಿರುಗಿತೇ ಎಂದು ನಾನು ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದೆ. ಅವರು ತಂಗಿಗೆ ಫೋನು ಹಚ್ಚಿದರು. "ನೀನು ಎರಡು ಜೊತೆ ಬಟ್ಟೆ ಹಿಡ್ಕೊಂಡು ಆಸ್ಪತ್ರೆಗೆ ಬಾ. ಮಗಳ ಜೊತೆ ನಿಲ್ಲಬೇಕು. ನೇಮ ನಾನು ನೋಡ್ತೇನೆ." ಆಚೆ ಕಡೆಯಿಂದ ತಾಯಿ ಏನೋ ಕೇಳಿದರು. "ಗೊತ್ತುಂಟು, ನನಗೆ ಗೊತ್ತುಂಟು. ಬಾ ನೀನು," ಎಂದು ಫೋನಿಟ್ಟರು.

ಅಡ್ಮಿಟ್ ಆಯಿತು. ಅವಳ ಜೊತೆ ಒಬ್ಬರು ಸದಾ ಇರಬೇಕೆಂದು ಡಾಕ್ಟರು ತಾಯಿಗೆ ಬಿಡಿಸಿ ಹೇಳಿದರು. ಔಷಧಿ ಹಿಡಿಯಲು ವಾರಗಳೇ ಬೇಕು, ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ, ಎರಡು ದಿನದಲ್ಲಿ ಏನೂ ನಿರೀಕ್ಷಿಸಬೇಡಿ ಎಂದು ನನಗೂ ಎಚ್ಚರಿಸಿದರು. ಆಸ್ಪತ್ರೆಯಲ್ಲಿ ಅವಳು ಗೋಡೆ ನೋಡಿಕೊಂಡು ಮಲಗಿದ್ದಳು. ನನ್ನ ಹತ್ತಿರ ಮಾತಾಡಲಿಲ್ಲ. ನಾನು ಮಾಡಿದ್ದು ಸರಿಯೇ ಎಂದು ಬೆಳ್ತಂಗಡಿಯ ಮನೆಯಲ್ಲಿ ಕೂತು ಮತ್ತೆ ಮತ್ತೆ ತೂಗಿ ನೋಡಿದೆ. ಗಂಡ ಬಡಿಸಿದ ಅನ್ನ ತಟ್ಟೆಯಲ್ಲೇ ಆರಿತು. ನೇಮದ ದಿನ ಕಳೆಯಿತು.

ಮರುದಿನ ಬೆಳಿಗ್ಗೆಯೇ ಬಸ್ಸು ಹಿಡಿದು ಆಸ್ಪತ್ರೆಗೆ ಹೋದೆ. ಆ ದಿನ ನಾನು ಬೇರೆಲ್ಲೂ ಇರಲು ಸಾಧ್ಯವಿರಲಿಲ್ಲ. ವಾರ್ಡಿನ ಹೊರಗೆ ಮಾವ ನಿಂತಿದ್ದರು, ನಿದ್ದೆಗೆಟ್ಟ ಕೆಂಪು ಕಣ್ಣು, ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಗಂಧಪ್ರಸಾದ. ನೇಮ ಮುಗಿಸಿ ಮನೆಯೊಳಗೂ ಹೋಗದೆ ಬಂದಿದ್ದರು.

"ದೈವ ಕೇಳಿತು," ಎಂದರು. "ಕುಟುಂಬದಲ್ಲಿ ಇಬ್ಬರು ಕಡಿಮೆ ಯಾಕೆ ಅಂತ. ಬಾವನ ಹೆಸರು ಹೇಳಲಿಲ್ಲ ನಾನು. ನಾನೇ ಕಳಿಸಿದ್ದು ಅಂದೆ."

"ಅದಕ್ಕೆ ದೈವ ಎಂತ ಹೇಳಿತು?"

"ಅದು ನಮ್ಮ ಮನೆಯ ವಿಷಯ ಮೇಡಂ," ಎಂದು ಅವರು ನನಗೂ ಒಂದು ಚೂರು ಗಂಧ ಕೊಟ್ಟರು.

ಒಳಗೆ ಹೋದೆ. ತಾಯಿ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಲ್ಲೇ ತೂಕಡಿಸುತ್ತಿದ್ದರು. ಹುಡುಗಿ ಎಚ್ಚರವಾಗಿದ್ದಳು, ಸೂರು ನೋಡುತ್ತಿದ್ದಳು. ನರ್ಸ್ ಮಾತ್ರೆ ತಂದಾಗ ತಕರಾರಿಲ್ಲದೆ ಕೈ ಚಾಚಿದಳು, ಆದರೆ ನುಂಗಲಿಲ್ಲ, ಮಾತ್ರೆಯನ್ನು ಅಂಗೈಯಲ್ಲೇ ಇಟ್ಟುಕೊಂಡು ನನ್ನ ಕಡೆ ತಿರುಗಿದಳು.

"ನೇಮ ಮುಗಿಯಿತಾ ಮೇಡಂ?"

"ಮುಗಿಯಿತು."

"ಅಪ್ಪ ಹೊರಟಿದ್ದಾರಂತೆ. ಅಮ್ಮ ಹೇಳಿದ್ಳು. ಎಷ್ಟೊತ್ತಿಗೆ ಬಂದು ಇಳೀತಾರೆ?"

"ಸಂಜೆ. ಇಲ್ಲಿಗೆ ತಲುಪುವಾಗ ಕತ್ತಲಾದೀತು."

ಅವಳು ಅಂಗೈಯ ಮಾತ್ರೆಯನ್ನೇ ನೋಡಿದಳು. "ಇದು ನುಂಗಿದ್ರೆ ನಿದ್ದೆ ಎಳೀತದೆ. ಅಮ್ಮ ಪಾಪ, ಮಲಗಲಿ ಅಂತ ಬಿಟ್ಟುಬಿಡ್ತಾಳೆ." ಸ್ವಲ್ಪ ತಡೆದು ಕೇಳಿದಳು, "ಅಪ್ಪ ಬರುವಾಗ ನನ್ನನ್ನು ಎಬ್ಬಿಸ್ತೀರಾ?"

"ಎಬ್ಬಿಸ್ತೇನೆ," ಎಂದೆ. ನೀರು ಕೊಟ್ಟೆ. ಮಾತ್ರೆ ನುಂಗಿ ಅವಳು ಕಣ್ಣು ಮುಚ್ಚಿದಳು. ಸ್ಟೂಲಿನಿಂದ ತಾಯಿಯನ್ನು ಎಬ್ಬಿಸಿ ಚಹಾ ಕುಡಿದು ಬನ್ನಿ ಎಂದು ಕಳಿಸಿ, ಕತ್ತಲಾಗುವವರೆಗೆ ನಾನು ಅಲ್ಲೇ ಕೂತೆ.